ಪುಣ್ಯಾತ್ಮನ ಲಾರಿಯ ಟಕಟಕ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಒಂದೇ ಒಂದು ಮಾತು: "ಅಯ್ಯೋ, ಆಯಿಲ್ ಕಮ್ಮಿಯಾಗಿದೆ!" ಲಾರಿ ಡ್ರೈವರ್ ಇದನ್ನು ತನ್ನಷ್ಟಕ್ಕೆ ಮೆಲ್ಲಗೆ ಹೇಳಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಎಂಜಿನ್ನಿನ ಪಕ್ಕದಲ್ಲಿ ಕೂತು ಕೂಗಾಡಿ ಪಳಗಿದ ಗಂಟಲು ಅದು. ಮೆಲ್ಲಗೆ ಮಾತಾಡುವ ಗೇರೇ ಅದರಲ್ಲಿ ಇರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಕೇಳಿಸಿತು.

ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ಪುಣ್ಯಾತ್ಮ ಎಂದು. ಕಾರಣ, ಅವನು ಎಲ್ಲರನ್ನೂ ಹಾಗೆಯೇ ಕರೆಯುತ್ತಿದ್ದ. ಒಂದು ಲೋಟ ನೀರು ಕೊಟ್ಟರೂ ಸಾಕು, "ದೊಡ್ಡ ಉಪಕಾರ ಆಯ್ತು ಪುಣ್ಯಾತ್ಮ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಶುರುಮಾಡಿದರೆ ಕೊಟ್ಟವರಿಗೆ ಲೋಟ ವಾಪಸು ಸಿಗುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ತಾನು ಮಾಡಿದ ಉಪಕಾರದ ಸುದ್ದಿ ಮಾತ್ರ ಎತ್ತಗೊಡುತ್ತಿರಲಿಲ್ಲ. ಟೈಲರ್ ಅಂಗಡಿ ಬದಲಾಯಿಸಿದಾಗ ಹೊಲಿಗೆ ಮೆಷಿನ್ನುಗಳನ್ನೆಲ್ಲ ಸಾಗಿಸಿದವನು ಇವನೇ. ಕಟಿಂಗ್ ಅಂಗಡಿಯವನ ತಿರುಗುವ ಕುರ್ಚಿಯನ್ನು ಎರಡು ಸಲ ರಿಪೇರಿಗೆ ಒಯ್ದು ತಂದವನೂ ಇವನೇ. ರಿಟೈರಾದ ಮೇಷ್ಟ್ರ ಹದಿನಾಲ್ಕು ಮೂಟೆ ಪುಸ್ತಕವನ್ನು ತಾನೇ ಹೊತ್ತು ಅಟ್ಟಕ್ಕೆ ಏರಿಸಿದ್ದ. ಒಬ್ಬರ ಹತ್ತಿರವೂ ಬಾಡಿಗೆ ಎಂಬ ಮಾತೆತ್ತಿರಲಿಲ್ಲ. ಈ ಋಣ ತೀರಿಸುವುದು ಹೇಗೆ ಎಂದು ಮೂವರೂ ಬೇರೆ ಬೇರೆಯಾಗಿ ಯೋಚಿಸುತ್ತ ಇದ್ದರು.

ಅವತ್ತು ಮಾತ್ರ ಪುಣ್ಯಾತ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಳಿಜಾರಿನ ಬುಡದಲ್ಲಿದ್ದ ಸೋಪಿನ ಕಾರ್ಖಾನೆಯ ಮ್ಯಾನೇಜರ್ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಲಾರಿ ತಂದು ಗೇಟಿನ ಮುಂದೆ ನಿಲ್ಲಿಸಲು ಹೇಳಿದ್ದರು. ಒಪ್ಪಿಗೆಯಾದರೆ ಊರೊಳಗಿನ ಕೆಲಸ: ಬೆಳಗ್ಗೆ ಸೋಪಿನ ಪೆಟ್ಟಿಗೆ ತುಂಬಿಕೊಂಡು ಗೋಡೌನುಗಳಿಗೆ ಹಂಚಿ ಸಂಜೆ ಮನೆಗೆ ಬರುವುದು. ಆರು ವರ್ಷದಿಂದ ಅವನು ದೂರದ ಲೋಡುಗಳನ್ನೇ ಹೊಡೆಯುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವನು ಬಾಗಿಲಿಗೆ ಬಂದರೆ ಐದು ವರ್ಷದ ಮಗಳು ಕೇಳುವ ಮೊದಲ ಪ್ರಶ್ನೆ, "ಅಪ್ಪಾ, ಯಾವಾಗ ಹೋಗ್ತೀಯ?" ಮಗು ಕೆಟ್ಟ ಮನಸ್ಸಿನಿಂದ ಕೇಳುತ್ತಿರಲಿಲ್ಲ. ನೆಂಟರನ್ನು ಕೇಳುವ ಹಾಗೆ ಕೇಳುತ್ತಿತ್ತು, ಅಷ್ಟೆ. ಆ ಪ್ರಶ್ನೆ ಮಾತ್ರ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಆ ಗಡಿಬಿಡಿಯಲ್ಲಿ ಅವನು ಮನೆಯ ಮುಂದಿನ ಏರಿನಲ್ಲಿ, ಮೂತಿ ಮೇಲೆ ಮಾಡಿ ನಿಂತಿದ್ದ ಲಾರಿಯ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ಏರಿನಲ್ಲಿ ನಿಂತ ಗಾಡಿಯ ಆಯಿಲ್ ಹಿಂದಕ್ಕೆ ಸರಿದಿರುತ್ತದೆ, ಕಡ್ಡಿ ಸುಳ್ಳು ಹೇಳುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲದ್ದಲ್ಲ. ಅವತ್ತು ತಲೆ ತಲೆಯಲ್ಲಿರಲಿಲ್ಲ. ಗುರುತಿಗಿಂತ ಎರಡು ಬೆರಳು ಕೆಳಗೆ ಇದ್ದದ್ದು ಕಂಡು ಆ ಮಾತು ಕೂಗಿಯೇ ಬಿಟ್ಟ. "ಸ್ನಾನ, ತಿಂಡಿ ಮುಗಿಸಿಕೊಂಡು ಬಂದು ಎರಡು ಲೀಟರ್ ಹಾಕಿದರಾಯ್ತು" ಎಂದುಕೊಂಡು ಬಾನೆಟ್ಟನ್ನು ಹಾಗೇ ಬಿಟ್ಟು ಒಳಗೆ ಹೋದ.

ಮುಕ್ಕಾಲು ಗಂಟೆಯ ನಂತರ ಬಂದು, ಮನೆಯಲ್ಲಿದ್ದ ಡಬ್ಬಿಯಿಂದ ಎರಡು ಲೀಟರ್ ಸುರಿದು, ಬಾನೆಟ್ ಮುಚ್ಚಿ ಸ್ಟಾರ್ಟ್ ಮಾಡಿದ. ಮೊದಲು ಎಲ್ಲ ಸರಿಯಾಗೇ ಇತ್ತು. ಐದು ನಿಮಿಷ ಆಗುವಷ್ಟರಲ್ಲಿ ಎಂಜಿನ್ನಿನ ನೆತ್ತಿಯಿಂದ ಒಂದು ಸದ್ದು ಎದ್ದಿತು. ಟಕ, ಟಕ, ಟಕಟಕಟಕ. ಮುಂದಿನ ಮೀಟರಿನಲ್ಲಿ ಆಯಿಲ್ ಪ್ರೆಶರಿನ ಮುಳ್ಳು ಒಂದೇ ಸಮನೆ ಕೆಳಗಿಳಿಯತೊಡಗಿತು. 

ಸದ್ದು ಕೇಳಿದ್ದೇ ತಡ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಕಟಿಂಗ್ ಅಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ. ಮೇಷ್ಟ್ರು ಕನ್ನಡಕ ಒರೆಸುತ್ತ ನಿಧಾನಕ್ಕೆ ಬಂದರು.

"ಪ್ರೆಶರ್ ಬೀಳ್ತಾ ಇದೆ ಮೇಷ್ಟ್ರೇ," ಪುಣ್ಯಾತ್ಮನಿಗೆ ಅಳು ಬರುವುದೊಂದು ಬಾಕಿ. "ನಾಲ್ಕು ಗಂಟೆಗೆ ಅಲ್ಲಿರಬೇಕು. ಆಯಿಲ್ ಏನಾದ್ರೂ..."

"ಆಯಿಲ್ ಸರಿಯಾಗಿದೆ!" ಎಂದ ಟೈಲರ್.

"ಆಯಿಲ್ದು ಏನೂ ತೊಂದ್ರೆ ಇಲ್ಲ, ನಾನು ಗ್ಯಾರಂಟಿ!" ಎಂದ ಕಟಿಂಗ್ ಅಂಗಡಿಯವನು.

"ಎಣ್ಣೆಯ ವಿಷಯ ಬಿಟ್ಟು ಬೇರೆ ಯೋಚಿಸೋಣ," ಎಂದರು ಮೇಷ್ಟ್ರು.

ಮೂವರೂ ಇಷ್ಟು ಖಚಿತವಾಗಿ ಹೇಳಿದ ಮೇಲೆ ಪುಣ್ಯಾತ್ಮನಿಗೆ ಅನುಮಾನ ಎಲ್ಲಿಂದ ಬರಬೇಕು? ತಾನೇ ಕೈಯಾರೆ ಎರಡು ಲೀಟರ್ ಸುರಿದಿದ್ದಾನೆ ಬೇರೆ. ಕಡ್ಡಿಯನ್ನು ಮತ್ತೆ ಎಳೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಟೈಲರ್ ಎಂಜಿನ್ನಿಗೆ ಕಿವಿಕೊಟ್ಟು ಹೇಳಿದ: "ಅಣ್ಣಾ, ಇದು ಎಲ್ಲೋ ಸಡಿಲ ಆಗಿರೋ ಸದ್ದು. ನನ್ನ ಮೆಷಿನ್ನೂ ಹೀಗೇ. ಬಾಬಿನ್ ಸಡಿಲ ಆದ್ರೆ ಟಕಟಕ ಅನ್ನುತ್ತೆ. ಬಿಗಿ ಮಾಡಿದ್ರೆ ಗಪ್‌ಚಿಪ್." ಬಾನೆಟ್ ಎತ್ತಿ, ಪಾನಾ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಬಿಗಿಮಾಡಿದ. ಸದ್ದು ಹಾಗೇ ಇತ್ತು. ಬಾನೆಟ್ಟಿನ ಬಾಗಿಲು ಮಾತ್ರ ಆಮೇಲೆ ಸರಿಯಾಗಿ ಮುಚ್ಚಲು ಬರಲಿಲ್ಲ.

"ಮೀಟರ್ ಸುಳ್ಳು ಹೇಳ್ತಿದೆ ಅಣ್ಣಾ," ಕಟಿಂಗ್ ಅಂಗಡಿಯವನು ಒಳಗೆ ಹತ್ತಿದ. "ಎರಡು ಕೊಟ್ರೆ ದಾರಿಗೆ ಬರುತ್ತೆ." ಎರಡು ಕೊಟ್ಟ. ಗಾಜು ಬಿರುಕು ಬಿಟ್ಟಿತು, ಮುಳ್ಳು ಇದ್ದಲ್ಲೇ ಇತ್ತು.

ಮೇಷ್ಟ್ರು ಅಟ್ಟದಿಂದ ಯಂತ್ರಗಳ ಬಗೆಗಿನ ಒಂದು ಹಳೆಯ ಪುಸ್ತಕ ತರಿಸಿಕೊಂಡು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದರು. "ವೇಗದ ಜೊತೆ ಸದ್ದು ಹೆಚ್ಚುತ್ತದೆಯೋ ಪರೀಕ್ಷಿಸಬೇಕು. ಎಲ್ಲಿ, ಜೋರಾಗಿ ಆಕ್ಸಿಲರೇಟರ್ ಒತ್ತಪ್ಪಾ." ಒತ್ತಿದ. ಇಡೀ ಬೀದಿಯ ಕಿಟಕಿಗಳು ಅದುರಿದವು. ಟಕಟಕ ಹೋಗಿ ಕಟಕಟ ಆಯಿತು, ಮುಳ್ಳು ಇನ್ನೂ ಕೆಳಗಿಳಿಯಿತು. ಮೇಷ್ಟ್ರು ಪುಸ್ತಕ ಮುಚ್ಚಿ, ಹೆಣದ ಮುಂದೆ ನಿಂತವರ ದನಿಯಲ್ಲಿ ಹೇಳಿದರು: "ಬೇರಿಂಗ್ ಸವೆದಿದೆ. ಎಂಜಿನ್ ಪೂರ್ತಿ ಬಿಚ್ಚಬೇಕು. ಒಂದು ತಿಂಗಳ ಕೆಲಸ."

ಹತ್ತು ಮಂದಿ ಇದ್ದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಮೂವರೇ ಸಾಕಾಗಿದ್ದರು. ಪುಣ್ಯಾತ್ಮ ಮೆಟ್ಟಿಲ ಮೇಲೆ ಕುಸಿದು ಕೂತ. ಆಗ ಹೆಂಡತಿ ಒಳಗಿನಿಂದ ಬಂದು, "ರೀ, ಇಷ್ಟು ಜನ ಡಾಕ್ಟರುಗಳು ಸಾಕು. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದೀನಿ, ಬರ್ತಿದ್ದಾರೆ" ಎಂದಳು. ಅಷ್ಟೊತ್ತಿನವರೆಗೆ ಬೀದಿಯಲ್ಲಿ ನಡೆದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು. ಅವನು ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಹೇಳಲಾರದಷ್ಟು ಕೃತಜ್ಞತೆ ಇತ್ತು.

ಮೆಕ್ಯಾನಿಕ್ ಮಾತು ಕಮ್ಮಿಯ ಮನುಷ್ಯ. ಬಂದವನೇ ಯಾರನ್ನೂ ಏನೂ ಕೇಳದೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ನೆತ್ತಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ.

"ಲಿಫ್ಟರ್‌ಗಳು," ಎಂದ. "ವಾಲ್ವ್ ಎತ್ತೋ ಪುಟ್ಟ ಬಟ್ಟಲುಗಳು. ಅವುಗಳ ಹೊಟ್ಟೇಲಿ ಆಯಿಲ್ ತುಂಬಿರಬೇಕು. ತುಂಬದಿದ್ರೆ ಹೀಗೇ ಬಡ್ಕೊಳ್ತವೆ."

ಆಮೇಲೆ ಎಂಜಿನ್ನಿನ ಪಕ್ಕದಿಂದ ಪ್ರೆಶರ್ ಮೀಟರಿನ ವೈರನ್ನು ಬುಡದ ಬಿರಡೆ ಸಮೇತ ಬಿಚ್ಚಿ, ಆ ತೂತಿಗೆ ತನ್ನದೇ ಮೀಟರನ್ನು ತಿರುಗಿಸಿ ಕೂರಿಸಿದ. ಅದರಲ್ಲೂ ಮುಳ್ಳು ಕೆಳಗೇ ಇತ್ತು. "ಗಾಡಿ ಮೀಟರ್ ಸತ್ಯವೇ ಹೇಳ್ತಿತ್ತು. ಅದಕ್ಯಾರು ಹೊಡೆದದ್ದು?"

ಕಟಿಂಗ್ ಅಂಗಡಿಯವನಿಗೆ ಇದ್ದಕ್ಕಿದ್ದಂತೆ ತನ್ನ ಅರ್ಧ ಗಡ್ಡದ ಗಿರಾಕಿಯ ನೆನಪಾಯಿತು. ಆದರೂ ಹೋಗಲು ಮನಸ್ಸಾಗಲಿಲ್ಲ.

"ಲಾರಿ ಮಟ್ಟಸ ಜಾಗಕ್ಕೆ ತಗೊಳ್ಳಿ," ಎಂದ ಮೆಕ್ಯಾನಿಕ್. ಹತ್ತು ಮನೆ ಮೇಲೆ, ಬೀದಿಯ ತಲೆಯಲ್ಲಿ ಒಂದು ಮೈದಾನ. ಪುಣ್ಯಾತ್ಮ ನಿಧಾನಕ್ಕೆ ಏರಿಸಿ, ವಾಪಸು ಬರಲು ಸುಲಭವಾಗಲೆಂದು ಮೂತಿ ಇಳಿಜಾರಿನ ಕಡೆ ತಿರುಗಿಸಿ ನಿಲ್ಲಿಸಿದ. ಹಿಂದೆಯೇ ಬೀದಿಯೂ ಮೆರವಣಿಗೆಯ ಹಾಗೆ ಬಂತು. ಮೆಕ್ಯಾನಿಕ್ ಹತ್ತು ನಿಮಿಷ ಕಾದು ಕಡ್ಡಿ ಎಳೆದ. ಎಳೆದವನು ಹಾಗೇ ನಿಂತ. ಆಯಿಲ್ ಗುರುತನ್ನು ದಾಟಿ ಎಷ್ಟೋ ಮೇಲೆ ಏರಿತ್ತು. ಕಡ್ಡಿಯ ತುಂಬ ಕಂದು ಬಣ್ಣದ ನೊರೆ.

"ಎಷ್ಟು ಹಾಕಿದ್ರಿ?"

"ಎರಡೇ ಎರಡು ಲೀಟರ್ ಮೇಸ್ತ್ರಿ, ಸತ್ಯವಾಗ್ಲೂ!"

"ಇದು ಎರಡು ಲೀಟರಿನ ಆಟ ಅಲ್ಲ. ಎಂಟು ಲೀಟರ್ ಹಿಡಿಯೋ ಚೇಂಬರಿಗೆ ಹದಿನಾಲ್ಕರ ಮೇಲೆ ತುಂಬಿದ್ದಾರೆ. ಒಳಗೆ ಕ್ರ್ಯಾಂಕು ತಿರುಗಿ ತಿರುಗಿ ಮೊಸರು ಕಡೆದ ಹಾಗೆ ಕಡೆದಿದೆ. ಪಂಪು ಎಳ್ಕೊಳ್ತಿರೋದು ಆಯಿಲ್ ಅಲ್ಲ, ಬರೀ ನೊರೆ. ನೊರೇಲಿ ಪ್ರೆಶರ್ ಎಲ್ಲಿಂದ ಬರುತ್ತೆ? ಲಿಫ್ಟರ್ ಹೊಟ್ಟೇಲೂ ಗಾಳಿ. ಅತಿಯಾದ್ರೆ ಅಮೃತಾನೂ ವಿಷ ಕಣ್ರೀ." ಅವನು ಸುತ್ತ ನಿಂತವರನ್ನು ಒಮ್ಮೆ ನೋಡಿ ದನಿ ಎತ್ತರಿಸಿದ: "ಯಾರೋ ಪುಣ್ಯಾತ್ಮರು ಹಾಕಿದ್ದಾರೆ. ಹಾಕಿದ್ದೆಲ್ಲ ಹೊರಗೆ ಬಂದ್ರೆ ಎಂಜಿನ್ ಬದುಕ್ತು, ಇಲ್ಲಾಂದ್ರೆ ಹೋಯ್ತು. ಅಷ್ಟೇ ಮದ್ದು!"

ಮೂವರ ಮುಖವೂ ಸಪ್ಪಗಾಯಿತು. ಟೈಲರಿಗೆ ಅರ್ಜೆಂಟ್ ಹೊಲಿಗೆ ಇತ್ತು, ಹೊರಟ. ಕಟಿಂಗ್ ಅಂಗಡಿಯವನು ಅವನ ಬೆನ್ನಿಗೇ ಹೊರಟ. ಮೇಷ್ಟ್ರು, "ಬಿಸಿಲು ಜಾಸ್ತಿ" ಎಂದು ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ನಡೆದರು. ಪಾಪ, ಇಷ್ಟು ಹೊತ್ತು ತಮ್ಮ ಕೆಲಸ ಬಿಟ್ಟು ನನಗಾಗಿ ನಿಂತಿದ್ದರಲ್ಲ ಎಂದು ಪುಣ್ಯಾತ್ಮನ ಕಣ್ಣು ತೇವವಾಯಿತು.

ಅವರೆಲ್ಲ ಹೋದ ಮೇಲೆ ಮೆಕ್ಯಾನಿಕ್ ಲಾರಿಯ ಕೆಳಗೆ ತೂರಿ, ಚೇಂಬರಿನ ತಳದ ಬೋಲ್ಟು ಸಡಿಲಿಸಿ, ಹೆಚ್ಚಾಗಿದ್ದನ್ನೆಲ್ಲ ಎರಡು ಬಕೆಟ್ಟಿಗೆ ಇಳಿಸಿ, ಕಡ್ಡಿಯ ಗುರುತಿಗೆ ಸರಿಯಾಗಿ ನಿಲ್ಲಿಸಿದ. ಸ್ಟಾರ್ಟ್ ಮಾಡಿದರೆ ಮೊದಲು ಒಂದಿಷ್ಟು ಟಕಟಕ, ಆಮೇಲೆ ಟಕ, ಆಮೇಲೆ ಬರೀ ಎಂಜಿನ್. ಮುಳ್ಳು ಎದ್ದು ತನ್ನ ಜಾಗದಲ್ಲಿ ನಿಂತಿತು. ಪುಣ್ಯಾತ್ಮನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

"ಉಳಿದ ನೊರೆ ಕೂತ್ಕೊಳ್ಳಲಿ. ಎರಡು ಗಂಟೆ ಮುಟ್ಟಬೇಡಿ. ಆಮೇಲೆ ಸೀದಾ ಕಾರ್ಖಾನೆ."

"ಮೇಸ್ತ್ರೀ, ನಿಮ್ಮ ಉಪಕಾರ ಈ ಜನ್ಮದಲ್ಲಿ..."

"ಜನ್ಮ ಆಮೇಲೆ. ನನಗೆ ಇನ್ನೊಂದು ಗಾಡಿ ಕಾಯ್ತಿದೆ," ಎಂದು ಬಕೆಟ್ಟುಗಳನ್ನೂ ಹೊತ್ತು ಮೆಕ್ಯಾನಿಕ್ ಹೊರಟುಬಿಟ್ಟ.

ಪುಣ್ಯಾತ್ಮ ಮನೆಗೆ ಹೋಗಿ ನೆಮ್ಮದಿಯಾಗಿ ಉಂಡ. ಹೆಂಡತಿ ಶರ್ಟಿಗೆ ಇಸ್ತ್ರಿ ಹಾಕಿಟ್ಟಿದ್ದಳು. "ಇವತ್ತಿಂದ ಅಪ್ಪ ದಿನಾ ರಾತ್ರಿ ಮನೇಲೇ" ಎಂದು ಮಗಳಿಗೆ ಹೇಳಿದಳು. ಮಗಳು ನಂಬದೆ ಅಪ್ಪನ ಮುಖ ನೋಡಿದಳು. ಅವನು ಮೂರೂವರೆಗೆ ಎದ್ದು, ತಲೆ ಬಾಚಿ, ಮೈದಾನಕ್ಕೆ ಹೋಗಿ ಲಾರಿ ಹತ್ತಿ ಕೀ ತಿರುಗಿಸಿದ.

ಟಕಟಕಟಕಟಕ! ಮುಳ್ಳು ಸೊನ್ನೆ ಬಿಟ್ಟು ಅಲುಗಲೇ ಇಲ್ಲ. ಗಾಬರಿಬಿದ್ದು ತಕ್ಷಣ ಆಫ್ ಮಾಡಿದ. ಇಳಿದು ಕಡ್ಡಿ ಎಳೆದರೆ ಒರೆಸಿಟ್ಟ ಹಾಗೆ ಒಣಗಿತ್ತು. ಬಗ್ಗಿ ನೋಡಿದರೆ ಲಾರಿಯ ಕೆಳಗಿನ ನೆಲ ಒಂದು ಚಾಪೆಯಗಲ ಕಪ್ಪಾಗಿತ್ತು.

"ಅಣ್ಣಾ, ಈಗ ಸರಿ ಹೋಯ್ತಾ?" ಹಿಂದಿನಿಂದ ದನಿ ಬಂತು. ಟೈಲರ್ ನಿಂತಿದ್ದ, ಮೊಣಕೈತನಕ ಕಪ್ಪು. "ಬೆಳಗ್ಗೆ ನೀವು ಕಮ್ಮಿ ಅಂದದ್ದು ಕೇಳಿಸ್ತು. ಗೊತ್ತಾದ್ರೆ ನೀವು ಉಪಕಾರ ಉಪಕಾರ ಅಂತ ದಿನವೆಲ್ಲ ಹೇಳ್ತೀರಿ ಅಂತ ಗುಟ್ಟಾಗಿ ಒಂದು ಲೀಟರ್ ಹಾಕಿದ್ದೆ. ತಪ್ಪಾಯ್ತು. ಈಗ ಬಂದು ನನ್ನ ಒಂದು ಲೀಟರ್ ವಾಪಸ್ ತೆಗೆದೆ."

"ನಿನ್ನದು ಒಂದು ಲೀಟರ್ರಾ?" ಮೈದಾನದ ಆಚೆಯಿಂದ ಕಟಿಂಗ್ ಅಂಗಡಿಯವನು ಓಡಿಬಂದ. "ಎರಡು ಹಾಕಿದ್ದು ನಾನಲ್ವಾ! ನಾನೂ ತೆಗೆದೆ. ಬಿಸಿ ಆಯಿಲ್ ಕೈ ಮೇಲೆ ಸುರೀತು, ಅಳತೆ ಸಿಗಲಿಲ್ಲ, ಮೂರಾಯ್ತೋ ಏನೋ."

ಕೊನೆಗೆ ಮೇಷ್ಟ್ರು ಬಂದರು. ಬಿಳಿ ಪಂಚೆ ಪಂಚೆಯಾಗಿ ಉಳಿದಿರಲಿಲ್ಲ. "ನನ್ನದು ಒಂದೂವರೆ ಲೀಟರ್. ಅಳೆದೇ ಹಾಕಿದ್ದೆ, ಅಳೆದೇ ತೆಗೆದೆ. ಆದರೆ ಮಲಗಿಕೊಂಡು ನೋಡಿದಾಗ ಎಡಬಲ ತಿರುಗಾಮುರುಗಾ ಕಾಣುತ್ತದಪ್ಪಾ. ಬೋಲ್ಟು ಬಿಗಿ ಮಾಡಿದೆನೋ ಸಡಿಲ ಮಾಡಿದೆನೋ ಎನ್ನುವುದು ಈಗ ಸಂಶಯ."

ಪುಣ್ಯಾತ್ಮ ಲಾರಿಗೆ ಒರಗಿ ನಿಂತ. ಬೈಯಲು ಬಾಯಿ ತೆರೆದ. ಸುಟ್ಟ ಕೈ, ಹಾಳಾದ ಪಂಚೆ, ಅಪರಾಧಿಗಳ ಮೂರು ಮುಖ. ತನ್ನ ಒಂದು ಕೂಗಿಗೆ ಮೂರು ಮನೆಯವರು ಯಾರಿಗೂ ಹೇಳದೆ ಡಬ್ಬಿ ಹಿಡಿದು ಬಂದಿದ್ದರು. ಇಂಥ ಬೀದಿ ಎಷ್ಟು ಜನರಿಗೆ ಸಿಗುತ್ತದೆ? ಬೈಗುಳ ಗಂಟಲಲ್ಲೇ ಕರಗಿ, "ನೀವೆಲ್ಲ ನನ್ನ ಒಡಹುಟ್ಟಿದವರಿಗಿಂತ ಹೆಚ್ಚು ಕಣ್ರಪ್ಪಾ" ಎಂದು ಅತ್ತೇಬಿಟ್ಟ. ಗಂಟೆ ಮೂರೂ ಮುಕ್ಕಾಲಾಗಿತ್ತು.

ಟೈಲರ್ ಮೂಲೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿದ, ಓಡಿದಷ್ಟೇ ವೇಗದಲ್ಲಿ ವಾಪಸು ಬಂದ. "ಆಯಿಲ್ ಇಲ್ವಂತೆ. ಬೆಳಗ್ಗೆ ಎಲ್ಲರೂ ಬಂದು ಇದ್ದಬದ್ದ ಡಬ್ಬಿಯೆಲ್ಲ ಕೊಂಡುಕೊಂಡು ಹೋದರಂತೆ."

ಆ 'ಎಲ್ಲರೂ' ಪರಸ್ಪರ ಮುಖ ನೋಡಿಕೊಂಡರು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಐದು ಗಂಟೆಗೆ ಆಯಿಲ್ ತಗೊಂಡು ಸೀದಾ ಕಾರ್ಖಾನೆಗೇ ಬರುತ್ತೇನೆ, ಅಲ್ಲಿಯವರೆಗೆ ಕೀ ಮುಟ್ಟಿದರೆ ಎಂಜಿನ್ ಸತ್ತ ಹಾಗೆ ಎಂದ.

"ಸ್ಟಾರ್ಟ್ ಯಾಕೆ ಮಾಡಬೇಕು?" ಎಂದರು ಮೇಷ್ಟ್ರು. "ಇಲ್ಲಿಂದ ಗೇಟಿನವರೆಗೆ ಇಳಿಜಾರೇ ಇದೆ. ಮೈದಾನದ ಅಂಚಿನತನಕ ನಾವು ದೂಡುತ್ತೇವೆ. ಆಮೇಲೆ ಅದೇ ಹೋಗುತ್ತದೆ. ಮ್ಯಾನೇಜರಿಗೆ ಬೇಕಾದದ್ದು ನಾಲ್ಕಕ್ಕೆ ಗೇಟಿನ ಮುಂದೆ ಲಾರಿ ತಾನೇ?"

ಮೂವರ ಜೊತೆ ಅಕ್ಕಪಕ್ಕದ ಇನ್ನಷ್ಟು ಜನ ಸೇರಿ ಹೆಗಲು ಕೊಟ್ಟರು. ಲಾರಿ ಮೆಲ್ಲಗೆ ಅಲುಗಿತು, ಅಂಚು ದಾಟಿತು, ಇಳಿಯತೊಡಗಿತು. ಎಂಜಿನ್ ಓಡದೆ ಕಲ್ಲಿನ ಹಾಗಾಗಿದ್ದ ಸ್ಟೀರಿಂಗನ್ನು ಪುಣ್ಯಾತ್ಮ ಎರಡೂ ತೋಳಿನಿಂದ ತಿರುಗಿಸುತ್ತ, ಬ್ರೇಕು ಹಿಡಿಯಲು ಟ್ಯಾಂಕಿನಲ್ಲಿ ಉಳಿದಿದ್ದ ಒಂದಿಷ್ಟು ಗಾಳಿಯನ್ನು ಜಿಪುಣನ ಹಾಗೆ ಖರ್ಚು ಮಾಡುತ್ತ ಹೋದ. ಮನೆಯ ಮುಂದೆ ಹಾದಾಗ, ಒಂದು ಚೂರೂ ಟಕಟಕ ಇಲ್ಲದೆ ಗಂಭೀರವಾಗಿ ಹೊರಟ ಲಾರಿಯನ್ನು ಕಂಡು ಹೆಂಡತಿ ಮೆಕ್ಯಾನಿಕ್ ಇದ್ದ ದಿಕ್ಕಿಗೆ ಕೈ ಮುಗಿದಳು.

ಕಾರ್ಖಾನೆಯ ಗೇಟಿನ ಮುಂದೆ ಮ್ಯಾನೇಜರ್ ಗಡಿಯಾರ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಇದೇ ಕೆಲಸ ಕೇಳಿಕೊಂಡು ಬಂದ ಇನ್ನೊಂದು ಹಳೆಯ ಲಾರಿ ಗಡಗಡ ನಡುಗುತ್ತ, ಹೊಗೆ ಕಾರುತ್ತ ನಿಂತಿತ್ತು. ನಾಲ್ಕಕ್ಕೆ ಸರಿಯಾಗಿ ಪುಣ್ಯಾತ್ಮನ ಲಾರಿ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಅವರ ಮುಂದೆ ನಿಂತಿತು.

ಮ್ಯಾನೇಜರ್ ಬೆಕ್ಕಸಬೆರಗಾದರು. ಬಾನೆಟ್ಟಿನ ಹತ್ತಿರ ಕಿವಿ ತಂದರು. "ಏನ್ರೀ ಇದು! ಸದ್ದೇ ಇಲ್ವಲ್ಲಾ! ಮೂವತ್ತು ವರ್ಷದಲ್ಲಿ ಇಂಥ ಎಂಜಿನ್ ನೋಡಿಲ್ಲ ನಾನು. ಕೆಲಸ ನಿಮಗೇ!"

"ದೊಡ್ಡ ಉಪಕಾರ ಆಯ್ತು ಸಾರ್!" ಪುಣ್ಯಾತ್ಮ ಕೆಳಗೆ ಹಾರಿ ಕೈ ಮುಗಿದ. "ನನ್ನ ಹೆಂಡತಿ, ಮಗು ನಿಮ್ಮ ಹೆಸರು ಹೇಳಿ..."

"ಇರಿ ಇರಿ. ಊರೊಳಗೆ ಪೆಟ್ಟಿಗೆ ಹಂಚೋದಕ್ಕೆ ಈ ಗಡಗಡ ಗಾಡಿ ಸಾಕು," ಮ್ಯಾನೇಜರ್ ಪಕ್ಕದ ಲಾರಿಯತ್ತ ಕೈ ಬೀಸಿದರು. "ಇಂಥ ಎಂಜಿನ್ನನ್ನ ಅಲ್ಲಿ ಹಾಳು ಮಾಡೋದಾ? ನಿಮಗೆ ಬಂದರಿನ ರೂಟ್ ಕೊಡ್ತೀನಿ. ಹೋಗಿ ಬರೋಕೆ ಇಪ್ಪತ್ತಾರು ದಿನ. ಇವತ್ತು ಸಂಜೆ ಆರಕ್ಕೇ ಲೋಡ್. ಸಂತೋಷ ತಾನೇ?"

ಪುಣ್ಯಾತ್ಮನ ಮುಗಿದ ಕೈ ಹಾಗೇ ಉಳಿಯಿತು. "ಸಾರ್, ಇದು ಸದ್ದು ಮಾಡುತ್ತೆ ಸಾರ್! ಬಹಳ ಸದ್ದು ಮಾಡುತ್ತೆ! ಬೆಳಗ್ಗೆ ಇಡೀ ಬೀದಿ ಕೇಳಿದೆ, ಬೇಕಾದ್ರೆ ಅವರನ್ನೇ ಕೇಳಿ!"

ಅಷ್ಟು ಹೊತ್ತಿಗೆ ಲಾರಿಯ ಹಿಂದೆ ಓಡಿಬಂದಿದ್ದ ಮೂವರೂ ಏದುಸಿರು ಬಿಡುತ್ತ ತಲುಪಿದ್ದರು. ಅವರಿಗೆ ಕಂಡದ್ದು ಇಷ್ಟೇ: ತಮ್ಮ ಪುಣ್ಯಾತ್ಮ ಕೈ ಮುಗಿದು ಬೇಡುತ್ತಿದ್ದಾನೆ, ಮ್ಯಾನೇಜರ್ ಲಾರಿಯ ಸದ್ದಿನ ಬಗ್ಗೆ ವಿಚಾರಿಸುತ್ತಿದ್ದಾರೆ.

"ಸದ್ದಾ? ಛೆ ಛೆ! ಸೂಜಿ ಬಿದ್ರೂ ಕೇಳಿಸುತ್ತೆ ಸಾರ್!" ಎಂದ ಟೈಲರ್.

"ನನ್ನ ಕತ್ತರಿ ಸದ್ದು ಇದಕ್ಕಿಂತ ಜಾಸ್ತಿ!" ಎಂದ ಕಟಿಂಗ್ ಅಂಗಡಿಯವನು.

"ನಲವತ್ತು ವರ್ಷ ಪಾಠ ಹೇಳಿದವನು ನಾನು, ಸುಳ್ಳು ಹೇಳುವುದಿಲ್ಲ," ಎಂದರು ಮೇಷ್ಟ್ರು ಗಂಭೀರವಾಗಿ.

"ಕೇಳಿದ್ರಾ? ಎಂಥ ವಿನಯ ರೀ ನಿಮ್ಮದು," ಎಂದು ಮ್ಯಾನೇಜರ್ ಬೆನ್ನು ತಟ್ಟಿ, ಒಪ್ಪಿಗೆಯ ಕಾಗದವನ್ನು ಕೈಗಿಟ್ಟು ಒಳಗೆ ಹೋದರು. ಸ್ಟಾರ್ಟ್ ಮಾಡಿ ತೋರಿಸೋಣ ಎಂದರೆ ಎಂಜಿನ್ನೇ ಹೋಗುತ್ತದೆ. ಪುಣ್ಯಾತ್ಮ ಕೀಯನ್ನು ಜೇಬಿಗೆ ಹಾಕಿಕೊಂಡು, ಸಂತೋಷದಿಂದ ಹೊಳೆಯುತ್ತಿದ್ದ ಆ ಮೂರು ಕಪ್ಪು ಮುಖಗಳನ್ನು ಒಂದೊಂದಾಗಿ ನೋಡಿದ. ಇಷ್ಟಾದರೂ ಅವರ ಮೇಲೆ ಪ್ರೀತಿ ಉಕ್ಕಿಬಂದದ್ದೇ ಅವನಿಗೆ ಆಶ್ಚರ್ಯವಾಯಿತು.

ಫೋನ್ ಬಂತು. ಹೆಂಡತಿ.

"ಆಯ್ತಾ ರೀ? ಕೆಲಸ ಸಿಕ್ತಾ?"

"ಸಿಕ್ತು ಕಣೇ."

ಆಚೆಯಿಂದ ಮಗಳು ಚಪ್ಪಾಳೆ ತಟ್ಟಿದ್ದು ಕೇಳಿಸಿತು. "ನೋಡಿ, ಇವಳು ನೀವು ಬರೋವರೆಗೂ ಊಟ ಮಾಡಲ್ವಂತೆ. ಎಷ್ಟು ಗಂಟೆಗೆ ಬರ್ತೀರಿ?"

ಪುಣ್ಯಾತ್ಮ ಕೈಯಲ್ಲಿದ್ದ ಕಾಗದವನ್ನು ನೋಡಿದ.

"ಗಂಟೆ ಕೇಳಬೇಡ ಕಣೇ," ಎಂದ. "ತಾರೀಕು ಕೇಳು."